ಗೋಲು ಹೊಡೆದವರನ್ನೆಲ್ಲ ತಂದ ಸಾವುಕಾರ

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಕಳೆದ ಮಂಗಳವಾರ ಬೆಳಿಗ್ಗೆ ಅವನು ಪಡಸಾಲೆಯಲ್ಲಿ ಕೂತು, ಉಪಕಾರ ಸ್ಮರಣೆಯ ಬಗ್ಗೆ ಜನರಿಗೆ ಹೇಳಲು ಒಂದು ಒಳ್ಳೆಯ ದೃಷ್ಟಾಂತ ಹುಡುಕುತ್ತಿದ್ದ. ಪುಸ್ತಕ ತಿರುವಿದ, ಸಿಗಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ತಿರುವಿದ, ಆಗಲೂ ಸಿಗಲಿಲ್ಲ. ಅಷ್ಟರಲ್ಲಿ ಹಾಲಿನವಳು ಬಾಗಿಲಲ್ಲಿ ನಿಂತು, "ಸಾವಕಾರ್ರ, ಪ್ರೆಸ್ಸಿನ ಅಜ್ಜ ಹೋದ್ರಂತರೀ, ನಸಿಕಿನ್ಯಾಗ" ಎಂದಳು. ಪುಸ್ತಕ ಕೈಯಿಂದ ಜಾರಿತು. ನೋಡಿ, ಅವನು ಹುಡುಕುತ್ತಿದ್ದ ದೃಷ್ಟಾಂತವನ್ನು ದೇವರು ಹಾಲಿನ ಜೊತೆಗೇ ಬಾಗಿಲಿಗೆ ಕಳಿಸಿದ್ದ.

ಯಾರು ಈ ಪ್ರೆಸ್ಸಿನ ಅಜ್ಜ? ಅದನ್ನು ತಿಳಿಯಲು ನಾವು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಶ್ರೀಮಂತನಿಗೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನು ಇತ್ತು, ಒಂದು ಫುಟ್‌ಬಾಲ್ ಕ್ಲಬ್ಬೂ ಇತ್ತು. ಹತ್ತಿಯ ಬಗ್ಗೆ ಅವನಿಗೆ ಎಲ್ಲ ಗೊತ್ತಿತ್ತು. ಫುಟ್‌ಬಾಲ್ ಬಗ್ಗೆ ಒಂದೇ ಸಂಗತಿ ಗೊತ್ತಿತ್ತು, ಚೆಂಡು ಬಲೆಯೊಳಗೆ ಹೋದರೆ ಗೋಲು. ಇಷ್ಟೇ ಗೊತ್ತಿದ್ದವನು ಕ್ಲಬ್ಬಿನ ಅಧ್ಯಕ್ಷನಾಗಬಹುದೇ? ಆಗಬಹುದು, ಚೆಂಡು ಅವನದೇ ಆಗಿದ್ದರೆ.

ಆ ಊರಲ್ಲಿ ಒಂದು ಪದ್ಧತಿ. ಪ್ರತಿ ವರ್ಷ ಲೀಗ್ ಶುರುವಾಗುವ ಮುಂಚೆ ಒಂದು ವಾರ ಟ್ರಾನ್ಸ್‌ಫರ್. ಆಟಗಾರ ಕ್ಲಬ್ಬು ಬದಲಿಸಬೇಕೆಂದರೆ ಆ ಏಳು ದಿನಗಳಲ್ಲೇ ಸಂಘದ ಕಚೇರಿಗೆ ಬಂದು ಸಹಿ ಮಾಡಬೇಕು. ಹಳೆಯ ಕ್ಲಬ್ಬಿನ ಅಧ್ಯಕ್ಷ ಬಿಡುಗಡೆ ಚೀಟಿ ಬರೆದುಕೊಡಬೇಕು. ಒಂದು ಪ್ರತಿ ಸಂಘಕ್ಕೆ, ಇನ್ನೊಂದು ಆಟಗಾರನಿಗೆ.

ಅವನ ಕ್ಲಬ್ಬಿನಲ್ಲಿ ಒಬ್ಬ ಹಾಫ್‌ಬ್ಯಾಕ್ ಇದ್ದ. ಹಗಲು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ, ಸಂಜೆ ಮೈದಾನ. ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವುದು, ಇಷ್ಟೇ ಅವನ ಆಟ. ಒಂದು ವರ್ಷ ಶ್ರೀಮಂತ ಎಲ್ಲರ ಗೋಲುಗಳ ಪಟ್ಟಿ ತರಿಸಿ ನೋಡಿದ. ಹಾಫ್‌ಬ್ಯಾಕಿನ ಹೆಸರಿನ ಮುಂದೆ ಸೊನ್ನೆ. ಅದರ ಹಿಂದಿನ ವರ್ಷವೂ ಸೊನ್ನೆ. ಕರೆಸಿದ, ಚೀಟಿ ಬರೆದ. 'ಕಾರಣ' ಎಂದಿದ್ದ ಕಡೆ ದಪ್ಪ ಅಕ್ಷರದಲ್ಲಿ, 'ಹನ್ನೊಂದು ವರ್ಷ ಆಡಿದರೂ ಒಂದೂ ಗೋಲಿಲ್ಲ' ಎಂದು ನಮೂದಿಸಿದ.

ಹಾಫ್‌ಬ್ಯಾಕ್ ಓದಿದ. ಸಿಟ್ಟಾದನೇ? ಇಲ್ಲ. "ಸಾವಕಾರ್ರ, ಹನ್ನೊಂದು ಅಲ್ರೀ, ಹನ್ನೆರಡು ವರ್ಷ. ಅಷ್ಟು ತಿದ್ದಿ ಕೊಡ್ರಿ" ಎಂದ. ಶ್ರೀಮಂತ ತಿದ್ದಿ ಕೊಟ್ಟ. ಮರುದಿನ ಹಾಫ್‌ಬ್ಯಾಕ್ ಕ್ಲಬ್ಬಿನ ಜರ್ಸಿಯನ್ನು ಒಗೆದು, ಇಸ್ತ್ರಿ ಮಾಡಿ ತಂದಿಟ್ಟು, ಎದುರಿನ ಓಣಿಯ ಕ್ಲಬ್ಬಿಗೆ ಹೋದ.

ಮುಂದೇನಾಯಿತು? ಆ ವರ್ಷ ಎದುರಿನ ಕ್ಲಬ್ಬಿನ ಒಬ್ಬ ಕಡ್ಡಿಯಂಥ ಫಾರ್ವರ್ಡ್ ನಮ್ಮ ಶ್ರೀಮಂತನ ಮೇಲೆ ಮೂರು ಗೋಲು ಹೊಡೆದ. "ಮುಂದಿನ ಟ್ರಾನ್ಸ್‌ಫರಿಗೆ ಇಂವ ನಮ್ಮಂವ ಆಗಬೇಕು!" ಎಂದು ಶ್ರೀಮಂತ ಕುರ್ಚಿಯ ಕೈ ಗುದ್ದಿದ. ಹೊಸ ಸೈಕಲ್ ಕೊಟ್ಟು ತಂದ. ಬಂದವನು ಗೋಲುಕಂಬದ ಹತ್ತಿರ ಸೊಂಟಕ್ಕೆ ಕೈಯಿಟ್ಟು, ಚೆಂಡು ಬರುತ್ತದೇನೋ ಎಂದು ಹಿಂದೆ ತಿರುಗಿ ನೋಡುತ್ತ ನಿಂತ. ಇಡೀ ವರ್ಷ ಒಂದೇ ಗೋಲು ಹೊಡೆದ. ಅದೂ ಸಹಾಯ ಮಾಡಲೆಂದು ಹಿಂದೆ ಓಡಿಬಂದು, ನಮ್ಮದೇ ಬಲೆಗೆ.

ಮರುವರ್ಷ ಇನ್ನೊಬ್ಬ ಎರಡು ಗೋಲು ಹೊಡೆದ. ಅವನಿಗೆ ಕೈಗಡಿಯಾರ. ಬಂದವನು ಆಟ ಯಾವಾಗ ಮುಗಿಯುತ್ತದೆ ಎಂದು ಅದನ್ನೇ ನೋಡಿದ. ಅದರಾಚೆ ವರ್ಷ ನಮ್ಮ ಒಂಬತ್ತು ಹೊಡೆತ ಹಿಡಿದ ಗೋಲ್‌ಕೀಪರನನ್ನೂ ತಂದ. ನಮ್ಮವರು ಒಂಬತ್ತನ್ನೂ ಅವನ ಎದೆಗೇ ಹೊಡೆದಿದ್ದರು ಎಂಬುದು ಯಾರಿಗೂ ಹೊಳೆಯಲಿಲ್ಲ.

ಶ್ರೀಮಂತನ ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು, "ಸಂತ್ಯಾಗ ಬದನಿಕಾಯಿ ತರೂವಾಗ ನಾಕ್ ಸಲ ತಿರುವಿ ನೋಡ್ತೀರಿ. ಮನಶ್ಯಾನ್ನ ತರೂವಾಗ ಒಮ್ಮೆ ನೋಡಿ ತಂದುಬಿಡ್ತೀರಲ್ರೀ?"

"ನಿನಗ ಆಟ ತಿಳಿಯಂಗಿಲ್ಲ, ಸುಮ್ನಿರು."

"ಹೌದ್ರಿ. ನಿಮಗ ತಿಳಿದದ್ದು ಊರಿಗೆಲ್ಲ ಕಾಣಾಕತ್ತೈತಿ."

ಏಳು ವರ್ಷದಲ್ಲಿ ಎದುರಿನ ಕ್ಲಬ್ಬಿನಿಂದ ಎಂಟು ಜನರನ್ನು ತಂದ. ಆದರೂ ಲೀಗ್ ಕಪ್ ಅವರದೇ. ಅವರಿಗೆ ಹೊಸಬರು ಬರುತ್ತಿದ್ದರು, ಗೋಲು ಹೊಡೆಯುತ್ತಿದ್ದರು. ಶ್ರೀಮಂತ ಅವರನ್ನೂ ತರುತ್ತಿದ್ದ. ತಾರದೆ ಬಿಟ್ಟದ್ದು ಒಬ್ಬನನ್ನೇ.

ತುಸು ತಡೆಯಿರಿ, ಗಂಟಲು ಒಣಗಿತು. ಇರಲಿ, ಮುಂದೆ ಹೇಳುತ್ತೇನೆ. ಮುಂದಿನ ಸಾಲಿನ ತಾಯಂದಿರು ಆಗಲೇ ಸೆರಗು ಬಾಯಿಗೆ ಹಿಡಿದಿದ್ದೀರಿ. ನಗಿರಿ. ಆ ಶ್ರೀಮಂತ ಯಾರೆಂದು ನಿಮಗೆ ಗೊತ್ತು.

ಎಂಟನೆಯ ವರ್ಷದ ಟ್ರಾನ್ಸ್‌ಫರ್ ವಾರ. ಸೈಕಲ್ಲಿನ ಫಾರ್ವರ್ಡ್ ಆಟ ಬಿಡುತ್ತೇನೆಂದು ಹೇಳಲು ಬಂದ. ಶ್ರೀಮಂತ ಕೇಳಿಯೇಬಿಟ್ಟ, "ಅಲ್ಲೋ, ಅಲ್ಲಿದ್ದಾಗ ಮೂರು ಮೂರು ಹೊಡೀತಿದ್ದಿ. ಇಲ್ಲಿ ಬಂದು ಕಂಬ ಆದ್ಯಲ್ಲ?"

"ಅಲ್ಲಿ ನಾ ಎಲ್ಲಿ ಹೊಡೀತಿದ್ದೆರೀ ಸಾವಕಾರ್ರ? ಪ್ರೆಸ್ಸಿನಂವ ಚೆಂಡು ತಂದು ಕಾಲ ಮುಂದ ಇಡ್ತಿದ್ದ. ಕಾಲು ಎತ್ತಿದ್ರ ಗೋಲು. ಎತ್ತದಿದ್ರೂ ತಾಗಿ ಹೋಗ್ತಿತ್ತು."

"ಇದನ್ನ ಇಷ್ಟು ವರ್ಷ ಯಾಕ ಹೇಳಲಿಲ್ಲಲೇ?"

"ಸೈಕಲ್ ಕೊಟ್ಟಿದ್ರಲ್ರೀ."

ಶ್ರೀಮಂತ ಅಂದೇ ಹಾಫ್‌ಬ್ಯಾಕಿನ ಹೆಸರಿಗೆ ಅರ್ಜಿ ತುಂಬಿಸಿ, ಜೇಬಿನಲ್ಲಿಟ್ಟುಕೊಂಡು ಸಂಘದ ಕಚೇರಿಗೆ ಹೋದ. ಬಾಗಿಲಲ್ಲೇ ಹಾಫ್‌ಬ್ಯಾಕ್ ನಿಂತಿದ್ದ. "ಆರಾಮ ಅದೀರೇನ್ರೀ ಸಾವಕಾರ್ರ?" ಎಂದು ನಕ್ಕ. ಎಷ್ಟು ಮಾತು ಬೇಕಿತ್ತು ಹೇಳಿ? 'ನಂದು ತಪ್ಪಾತು, ತಿರುಗಿ ಬಾ.' ನಾಲ್ಕೇ ಮಾತು. ಆದರೆ ಒಳಗೆ ಎದುರಿನ ಕ್ಲಬ್ಬಿನ ಅಧ್ಯಕ್ಷ ಚಹಾ ಕುಡಿಯುತ್ತ ಕೂತಿದ್ದ. ಅವನೆದುರು ತಪ್ಪೊಪ್ಪುವುದೇ? ಜೇಬಿಗೆ ಹೋದ ಕೈ ಕರವಸ್ತ್ರ ತೆಗೆಯಿತು. ಶ್ರೀಮಂತ ಬೆವರು ಒರೆಸಿಕೊಂಡು ಒಳಗೆ ಹೋಗಿ ಒಂಬತ್ತನೆಯ ಆಟಗಾರನ ಸಹಿ ಹಾಕಿಸಿದ. ಅವನು ಯಾರು, ಹೇಗೆ ಆಡಿದ? ಶ್ರೀಮಂತನಿಗೇ ನೆನಪಿಲ್ಲ.

ಕಾಲ ಉರುಳಿತು. ಕ್ಲಬ್ಬು ಮುಚ್ಚಿತು, ಜಿನ್ನೂ ಮುಚ್ಚಿತು. ಶ್ರೀಮಂತ ಮುದುಕನಾದ, ಹಣೆಗೆ ಮೂರು ಬೆರಳು ವಿಭೂತಿ ಬಂತು, ಜನ ಅವನನ್ನು ಮಠದ ಕಟ್ಟೆಯ ಮೇಲೆ ಕೂಡಿಸಿ 'ನಮಗೆ ನಾಲ್ಕು ಮಾತು ಹೇಳಿ' ಎಂದರು. ಹೇಳಬೇಕಾದ ಕಡೆ ನಾಲ್ಕು ಮಾತು ಹೇಳದವನಿಗೆ ಎಂಥ ಉದ್ಯೋಗ ಸಿಕ್ಕಿತು ನೋಡಿ! ಪ್ರೆಸ್ಸಿನ ಅಜ್ಜನೂ ಪ್ರತಿ ಸೋಮವಾರ ಬಂದು ಎಡಗಡೆಯ ಕಂಬಕ್ಕೆ ಒರಗಿ ಕೂಡುತ್ತಿದ್ದ. ಪ್ರಸಾದದ ಪಂಕ್ತಿಯಲ್ಲಿ ಎಲ್ಲರಿಗೂ ತಾಟು ದಾಟಿಸಿ, ತಾನು ಕೊನೆಗೆ ಉಣ್ಣುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ ಎಂದು ಶ್ರೀಮಂತ ಅಂದುಕೊಳ್ಳುತ್ತಿದ್ದ. ಆಮೇಲೆ, ಮುಂದಿನ ಸೋಮವಾರ ಎನ್ನುತ್ತಿದ್ದ. ಹತ್ತೊಂಬತ್ತು ವರ್ಷದ ಸೋಮವಾರಗಳು ಹೀಗೇ ಕಳೆದವು.

ಮಂಗಳವಾರ ಹೋಗಿ ಹೇಳಿದ. ಹೂವಿನ ನಡುವೆ ಅಜ್ಜನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. "ತಪ್ಪಾತೋ" ಎಂದ. ಅಜ್ಜನ ಹೆಂಡತಿ ಒಳಗಿನಿಂದ ಒಂದು ಹಳೆಯ ಚೀಟಿ ತಂದು ತೋರಿಸಿದಳು. "ಇದನ್ನ ಎಷ್ಟು ಜ್ವಾಪಾನ ಮಾಡಿದ್ರು ನೋಡ್ರಿ. 'ಹನ್ನೆರಡು ವರ್ಷ ಆಡೀನಿ ಅಂತ ಸಾವಕಾರ್ರ ತಮ್ಮ ಕೈಯಾರೆ ಬರದಾರ' ಅಂತ ಬಂದೋರಿಗೆಲ್ಲ ತೋರಸ್ತಿದ್ರು."

ಆ ಶ್ರೀಮಂತ ನಾನೇ. ನಿಮ್ಮೆದುರು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಬೇಕಾಯಿತು.

ಈಗ ಆ ಗಂಟಲಿನ ಮಾತು ಹೇಳುತ್ತೇನೆ. ಪ್ರತಿ ಸೋಮವಾರ ನನ್ನ ಗಂಟಲು ಹೀಗೆ ನಡುವೆ ಒಣಗುತ್ತದೆ. ನಾನು ತಿರುಗಿ ನೋಡುವುದಿಲ್ಲ, ಎಡಗೈ ಚಾಚುತ್ತೇನೆ, ಕೈಗೆ ನೀರಿನ ಲೋಟ ಬರುತ್ತದೆ. ಕಳೆದ ಸೋಮವಾರವೂ ಬಂತು. ಯಾರು ಕೊಟ್ಟರು ಎಂದು ನಾನು ಎಂದಾದರೂ ನೋಡಿದೆನೇ? ಇವತ್ತೂ ಕೈ ಚಾಚಿದೆ, ಲೋಟ ಬರಲಿಲ್ಲ. ನೀವೂ ನೋಡಿದಿರಿ. ಹತ್ತೊಂಬತ್ತು ವರ್ಷ ಪ್ರೆಸ್ಸಿನ ಅಜ್ಜ ಚೆಂಡನ್ನು ನನಗೇ ಕೊಡುತ್ತಿದ್ದ, ನಾನು ಗೋಲು ಹೊಡೆದೆನೆಂದು ಬೀಗುತ್ತಿದ್ದೆ.

ಬಂಧುಗಳೇ, ನೀವು ಮನೆಗೆ ಹೋಗಿ ಉಣ್ಣಲು ಕೂತಾಗ ತಾಟು ಬರುತ್ತದೆ. ಅದನ್ನು ಇಟ್ಟ ಕೈ ಯಾರದು, ತಲೆಯೆತ್ತಿ ನೋಡಿ. ಅಂಗಡಿಯ ಬಾಗಿಲು ನಿಮಗಿಂತ ಮುಂಚೆ ತೆರೆದಿರುತ್ತದೆ. ತೆರೆದವರ ಹೆಸರು ಹಿಡಿದು ಕರೆಯಿರಿ. ಎದುರಿನ ಮನೆಯ ಸೊಸೆಯನ್ನು ಹೊಗಳುವ ಮುಂಚೆ ನಿಮ್ಮ ಸೊಸೆ ಮಾಡಿದ ಸಾರಿಗೆ ಒಂದು ಒಳ್ಳೆಯ ಮಾತು ಹೇಳಿ. ತಪ್ಪು ಮಾಡಿದ್ದರೆ ಇವತ್ತೇ ಒಪ್ಪಿಕೊಳ್ಳಿ, ಎದುರಿನವರು ಚಹಾ ಕುಡಿಯುತ್ತ ನೋಡಿದರೂ ಒಪ್ಪಿಕೊಳ್ಳಿ. ಮುಂದಿನ ಸೋಮವಾರ ಎನ್ನಬೇಡಿ. ನನ್ನನ್ನು ನೋಡಿ ಕಲಿಯಿರಿ. ನನ್ನಿಂದ ಊರಿಗೆ ಇಷ್ಟಾದರೂ ಪ್ರಯೋಜನವಾಗಲಿ.

ಈಗ ಎಲ್ಲರೂ ಕಣ್ಣು ಮುಚ್ಚಿ.

ತಂದೆಯೇ, ನಮ್ಮ ಫಕ್ಕೀರಪ್ಪ ಬಾರಕೇರ ನಿನ್ನಲ್ಲಿಗೆ ಬಂದಿದ್ದಾನೆ. ಅವನಾಗಿ ಏನನ್ನೂ ಕೇಳುವುದಿಲ್ಲ, ನೀನೇ ಕೊಡಬೇಕು. ಕೊನೆಯ ಪಂಕ್ತಿಗೆ ನಿಲ್ಲಲು ಹೋಗುತ್ತಾನೆ, ಕೈಹಿಡಿದು ಮೊದಲ ಪಂಕ್ತಿಗೆ ಕೂಡಿಸು. ಎಲ್ಲರಿಗೂ ಎಲ್ಲವನ್ನೂ ದಾಟಿಸಿ ದಣಿದ ಜೀವಕ್ಕೆ ವಿಶ್ರಾಂತಿ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು.