ತೆರೆಯದ ಸ್ಕ್ಯಾನ್

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಮಿದುಳು ಶಸ್ತ್ರಚಿಕಿತ್ಸಕರೇ, ವೇದಿಕೆಯ ಗಣ್ಯರೇ, ವಾರ್ಡುಗಳಿಂದ ಬಿಡುವು ಮಾಡಿಕೊಂಡು ಬಂದ ಸಭಿಕರೇ,

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವಳಾದ ನನ್ನನ್ನು ಮೈಕ್ ಕೆಟ್ಟಾಗ ಮಾತ್ರ ಇಲ್ಲಿಗೆ ಕರೆಯುತ್ತೀರಿ. ಇಂದು ಮೈಕ್ ಸರಿಯಾಗಿದೆ. ಹಾಗಾಗಿ ಮಾತಾಡದೆ ವಿಧಿಯಿಲ್ಲ.

ಡಾಕ್ಟರ ಕೈಗುಣವನ್ನು ಎಲ್ಲರೂ ಹೊಗಳಿದಿರಿ. ನಾನು ಹೇಳುವುದು ಅವರು ನನ್ನಿಂದ ಮುಚ್ಚಿಟ್ಟ ಸಂಗತಿ.

ಹೋದ ವರ್ಷ, ಸ್ಕ್ಯಾನ್ ಚಿತ್ರಗಳನ್ನು ಸ್ವೀಕರಿಸುವ ತಂತ್ರಾಂಶವನ್ನು ಕಂಟೇನರ್‌ಗೆ, ಅಂದರೆ ಸರ್ವರ್‌ನೊಳಗೇ ಕಟ್ಟಿದ ಪ್ರತ್ಯೇಕ ಕೋಣೆಗೆ, ಸೇರಿಸಿದ ದಿನವದು. ಬೆಳಿಗ್ಗೆ ಮನೆಯಲ್ಲಿ ನಮ್ಮವರು "ನನ್ನ ದಾರಿ ನನಗೆ, ನಿನ್ನ ದಾರಿ ನಿನಗೆ" ಎಂದು ಬಟ್ಟೆಬರೆ ತುಂಬಿದ ಚೀಲ ಹಿಡಿದೇ ಕೆಲಸಕ್ಕೆ ಹೊರಟಿದ್ದರು. "ಧಾರಾಳವಾಗಿ ಹೋಗಿ" ಎಂದಿದ್ದೆ. ಇರಲಿ, ಅದು ಇಲ್ಲಿಗೆ ಬೇಡ.

ಮಧ್ಯಾಹ್ನ ಡಾಕ್ಟರ ಫೋನ್. "ಅಮ್ಮಾ, ತಲೆಗೆ ಪೆಟ್ಟಾದ ರೋಗಿ. ಸ್ಕ್ಯಾನ್ ಕೋಣೇಲಿ ಒಂದ್ಸಲ ನೋಡಿಬಂದೆ. ಆದ್ರೆ ತಲೆ ತೆರೆದಾಗ ಚಿತ್ರ ಕಣ್ಮುಂದೆ ಇರ್ಬೇಕು. ಆಪರೇಷನ್ ಥಿಯೇಟರ್‌ನಲ್ಲಿ ಸ್ಕ್ರೀನು ಅನುಮತಿ ಇಲ್ಲ ಅಂತಿದೆ!"

ಚಿತ್ರಗಳು ಸರ್ವರ್‌ನಲ್ಲೇ ಇದ್ದವು. ಆದರೆ ಕಂಟೇನರ್ ಅವುಗಳ ಮಾಲೀಕನೆಂದು ಹಾಕಿದ್ದ ನಂಬರ್ ಬೇರೆ, ಹೊರಗೆ ಅವನ್ನು ಓದಿ ತೋರಿಸುವ ತಂತ್ರಾಂಶದ ನಂಬರ್ ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟು ನಾವು ನೆಮ್ಮದಿಯಾಗಿದ್ದೆವು. ಸರ್ವರ್ ಹೆಸರು ನೋಡುವುದಿಲ್ಲ, ನಂಬರ್ ನೋಡುತ್ತದೆ; ಹೊಂದದಿದ್ದರೆ ಚಿತ್ರ ತೆರೆಯಲು ಬಿಡುವುದಿಲ್ಲ.

"ಫೋಲ್ಡರನ್ನೇ ಎಲ್ಲರಿಗೂ ತೆರೆದುಬಿಡೇ, ಆಮೇಲೆ ನೋಡ್ಕೊಳೋಣ" ಎಂದಳು ಪಕ್ಕದ ಗೆಳತಿ. ಆ ಫೋಲ್ಡರಿನಲ್ಲಿ ಸಾವಿರಾರು ರೋಗಿಗಳ ಚಿತ್ರಗಳಿದ್ದವು. ಯಾರು ಬೇಕಾದರೂ ನೋಡುವ, ಅಳಿಸುವ ಹಾಗೆ ಬಿಡುವುದೇ? ಬಿಡದಿದ್ದರೆ ಈ ಒಂದು ಜೀವದ ಗತಿಯೇನು?

"ಸ್ವಲ್ಪ ಸಮಯ ಕೊಡಿ ಸರ್."

"ಮಾಡಿ. ನಾನು ಕೈ ತೊಳೀತಿರ್ತೀನಿ, ಸಿಸ್ಟರ್ ಫೋನ್ ಹಿಡ್ಕೊಂಡಿರ್ತಾರೆ." ಆ ಕಡೆ ನಲ್ಲಿಯ ಸದ್ದು ಕೇಳುತ್ತಲೇ ಇತ್ತು.

ಕಂಟೇನರ್ ನಿಲ್ಲಿಸಿದೆ. ಹೊರಗಿನ ನಂಬರಿನಲ್ಲೇ ಅದು ನಡೆಯುವಂತೆ ತಿದ್ದಿದೆ. ಆಗಲೇ ಬಂದಿದ್ದ ಫೈಲುಗಳ ಮಾಲೀಕತ್ವವನ್ನೂ ಬದಲಿಸಿದೆ. ಒಂದಕ್ಷರ ತಪ್ಪಿದರೆ ಇಡೀ ಸರ್ವರ್ ಏರುಪೇರು. ಬೆವರು ಕಣ್ಣಿಗಿಳಿಯುತ್ತಿತ್ತು. ಮತ್ತೆ ಶುರು ಮಾಡಿ, ಪರೀಕ್ಷೆಗೆಂದು ಆ ರೋಗಿಯ ಚಿತ್ರವನ್ನೇ ತೆರೆದೆ.

ಮೂಲೆಯಲ್ಲಿ ನಮ್ಮವರ ಹೆಸರಿತ್ತು.

ಕೆಲಸದ ಜಾಗದಲ್ಲಿ ಏಣಿಯಿಂದ ಬಿದ್ದವರನ್ನು ಜೊತೆಯವರು ಇಲ್ಲಿಗೆ ತಂದಿದ್ದರಂತೆ. ಫೋನಿನಲ್ಲಿ ಡಾಕ್ಟರು "ಬಂತು, ಬಂತು!" ಎನ್ನುತ್ತಿದ್ದರು.

"ಸರ್, ಅದು ನಮ್ಮ..."

"ಗೊತ್ತಮ್ಮಾ, ಮುಖ ನೋಡಿದಾಗ್ಲೇ ಗುರುತು ಸಿಕ್ತು" ಎಂದರು. ಫೋನ್ ಕಟ್ಟಾಯಿತು.

ಸಂಜೆ ಡಾಕ್ಟರು ಹೊರಬಂದು "ಉಳಿದ್ರು" ಎಂದರು. ನಾನು ಕೃತಜ್ಞತೆ ಹೇಳಿದೆನೇ? ಇಲ್ಲ, ಕೂಗಾಡಿದೆ. "ಯಾಕೆ ಹೇಳ್ಲಿಲ್ಲ? ನನ್ನ ಕೈ ನಡುಗತ್ತೆ ಅಂತಾನಾ?"

"ನಿಮ್ದಲ್ಲಮ್ಮಾ. ನೀವು ಅತ್ತಿದ್ರೆ ನನ್ನ ಕೈ ನಡುಗ್ತಿತ್ತು."

ಅಷ್ಟು ಹೇಳಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು.

ಡಿಸ್ಚಾರ್ಜ್ ದಿನ "ಎಲ್ಲಿಗೆ ಹೋಗ್ಲಿ?" ಎಂದು ನಮ್ಮವರು ಕೇಳಿದರು. "ಇದೇನು ಪ್ರಶ್ನೆ, ಏಳಿ" ಎಂದೆ.

ಡಾಕ್ಟರೇ, ಹೇಳದೆ ಇದ್ದದ್ದು ಸರಿಯೆಂದು ನಾನಿನ್ನೂ ಒಪ್ಪಿಲ್ಲ. ನಮ್ಮವರು ಮಾತ್ರ ನಿಮ್ಮ ಪಕ್ಷ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ನಿಮ್ಮನ್ನು ಊಟಕ್ಕೆ ಕರೆಯಬೇಕಂತೆ. ಬನ್ನಿ, ನಮ್ಮ ವಾದವನ್ನು ಅಲ್ಲಿ ಮುಂದುವರಿಸೋಣ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ವಂದನೆ. ನಮಸ್ಕಾರ.