ಗೊಲ್ಲಾಳಮ್ಮನ ಪ್ರೋಗ್ರಾಮು

ನಗಬ್ಯಾಡ್ರಿ ಮತ್ತ. ಇದು ನಮ್ಮ ಚಿಗವ್ವನ ಮಗ ಭೀಮರಾಯಗ ಆಗಿದ್ದು. ಶಹಾಪುರದ ಒಂದು ಕಾಲೇಜಿನಾಗ ಅವ ಕಂಪ್ಯೂಟರ್ ಲ್ಯಾಬ್ ನೋಡ್ಕೋತಾನ. ನಾ ಅಲ್ಲೇ ಕಸಾ ಹೊಡಿತೀನಿ.

ಹೋದ ಬ್ಯಾಸಗಿ. ಕಡೀ ಬಸ್ಸಿಗಿ ಸುರಪುರದಾಗ ಇಳದು, ರಂಗಂಪೇಟಿ ಮನಿಗಿ ನಡಕೋತ ಹೊಂಟಿದ್ದ. ಹಾಳು ಬಾವಿ ಹತ್ರ ಬಂದಾನ… ಟಕ್. ಟಕ್ ಟಕ್… ಕೀಬೋರ್ಡ್ ಬಡಿಯೋ ಸಪ್ಪಳ. ಕಡೀಗಿ ಒಂದು ಜೋರಾಗಿ… ಠಪ್!

"ಸರ್ರೀ…" ಹುಡುಗಿ ದನಿ, ಮೆಲ್ಲಕ. "ನಂದು ಓಡಿತ್ತಲ್ರಿ?"

ದನಿ ಅವನ ಲ್ಯಾಬಿಗಿ ಕಲಿಯಾಕ ಬರ್ತಿದ್ದ ಗೊಲ್ಲಾಳಮ್ಮಂದು. ಆಕಿ ಸತ್ತು ಎಂಟು ತಿಂಗಳಾಗಿತ್ತು.

ಹಿಂದಿಂದು ಕೇಳ್ರಿ. ಹುಡುಗರಿಗಿ ಸಲೀಸಾಗ್ಲಿ ಅಂತ ಇವ ಒಂದು ಕಮಾಂಡ್ ಮಾಡಿಟ್ಟಿದ್ದ. ಕರೀ ಸ್ಕ್ರೀನಿನಾಗ 'ಓಡು' ಅಂತ ಹೊಡದ್ರ ಸಾಕು, ಪ್ರೋಗ್ರಾಮು ಕಂಪೈಲ್ ಆಗಿ, ಅಂದ್ರ ಯಂತ್ರಕ್ಕ ತಿಳಿಯೋ ಭಾಷಾಕ್ಕ ತಿರುಗಿ, ತಾನೇ ಓಡ್ತಿತ್ತು. ತಪ್ಪಿದ್ದು ಕಂಪೈಲ್ ಆಗದಿದ್ರ? ಅಲ್ಲೇ ನಿಲ್ಲಬೇಕಿತ್ತು. ನಿಲ್ತಿದ್ದಿಲ್ಲ. ಅದೇ ಕಂಪ್ಯೂಟರಿಗಿ ಮೊದಲು ಕುಂತವರದ್ದೇ ಮತ್ತ ಓಡಿಸ್ತಿತ್ತು. ಹಳೀದು ಅಳಸೂದು ಮರತಿದ್ದ ಮಹಾರಾಯ!

ಪ್ರಾಕ್ಟಿಕಲ್ ಪರೀಕ್ಷಾದಾಗ ಸ್ಕ್ರೀನಿನ ಮ್ಯಾಲ ಮೊದಲು ತಮ್ಮ ಹೆಸರು, ಆಮ್ಯಾಲ ಉತ್ತರ ಬರಬೇಕು. ಅದು ಅಲ್ಲಿ ಪದ್ಧತಿ. ಗೊಲ್ಲಾಳಮ್ಮಂದು ಛಲೋ ಓಡ್ತು. ಆಕಿ ಎದ್ದ ಮ್ಯಾಲ ಪ್ರಿನ್ಸಿಪಾಲರ ತಮ್ಮನ ಮಗ ಕುಂತ. ಅವಂದು ಪೂರಾ ತಪ್ಪು. ಆದ್ರ ಬಂದಿದ್ದು ಗೊಲ್ಲಾಳಮ್ಮನ ಹೆಸರು, ಆಕಿ ಉತ್ತರ. "ಈಕೀನೇ ಮಾಡಿಕೊಟ್ಟಾಳ" ಅಂತ ಆಕೀನ ಡಿಬಾರ್ ಮಾಡಿ ಪರೀಕ್ಷಾದಿಂದ ಹೊರಗ ಹಾಕಿದ್ರು. ಅವಗ ಏನೂ ಆಗ್ಲಿಲ್ಲ.

ಭೀಮರಾಯಗ ಖರೇ ಏನಂತ ಗೊತ್ತಿತ್ತು. ಗುತ್ತಿಗಿ ನೌಕರಿ ನೋಡ್ರಿ… ಬಾಯಿ ಹೊಲಕೊಂಡು ನಿಂತ. ಆಕಿ ಓದು ಬಿಟ್ಟು ಭತ್ತ ಹಚ್ಚಾಕ ಕೂಲಿಗಿ ಹೋದ್ಲು, ಗದ್ದ್ಯಾಗ ಹಾವು ಕಡದು ಸತ್ಲು. ಥೂ, ನಮ್ಮ ಬಾಳೇಕ ಬೆಂಕಿ ಹಚ್ಚ!

ಬಾವಿ ಹತ್ರ ಇವ ಅಂದ, "ಓಡಿತ್ತವ್ವಾ… ನಿಂದೇ ಸರಿ ಇತ್ತು."

"ಹಂಗಂತ ಬರದುಕೊಡ್ರಿ."

"ಕೊಡ್ತೀನಿ. ನಾಳಿಗೇ ಕೊಡ್ತೀನಿ."

ದನಿ, ಸಪ್ಪಳ ಎರಡೂ ನಿಂತವು.

ಮರುದಿನ ನಾನೇ ಲ್ಯಾಬಿನ ಕೀಲಿ ತಗದೆ. ಭೀಮರಾಯ ನನ್ನ ಮುಂದ ಎಲ್ಲಾ ಹೇಳಿ ಅತ್ತ. ಆಕಿ ಪರೀಕ್ಷಾಕ್ಕ ಕುಂತಿದ್ದ ಕಂಪ್ಯೂಟರ್ ಮುಂದೇ, ಕೀಬೋರ್ಡಿನ ಮ್ಯಾಲ ಕಾಗದ ಹಾಸಿಕೊಂಡು ಕುಂತ. ಅರ್ಧ ತಾಸಾತು. ಒಂದಕ್ಷರ ಬರೀಲಿಲ್ಲ. "ಸತ್ತಾಕಿ ಪಾಸಾಗಿ ಏನ್ ಮಾಡ್ತಾಳಕ್ಕಾ? ಬರದ್ರ ನನ್ನ ಹೊಟ್ಟಿಪಾಡು ಹೋಗ್ತದ" ಅಂದ. ನಾನೂ ಹೌದಪ್ಪಾ ಅಂದೆ. ಸುಳ್ಳು ಯಾಕ ಹೇಳ್ಲಿ?

ಕಾಗದ ಎತ್ತಿದ… ಕೆಳಗ ಕೀಬೋರ್ಡಿನ ತುಂಬ ರಾಡಿ. ಭತ್ತದ ಗದ್ದ್ಯಾಗಿನಂಥ ಹಸೀ ರಾಡಿ. ಏಪ್ರಿಲ್ ತಿಂಗಳ್ರಿ, ಊರಾಗ ಒಂದು ಗದ್ದಿಗೂ ನೀರಿದ್ದಿಲ್ಲ. ನನ್ನ ಮಕ್ಕಳಾಣಿ ಮಾಡಿ ಹೇಳ್ತೀನಿ, ಖರೇ. ಯಾರರೆ ನೋಡ್ಯಾರು ಅಂತ ಸೆರಗಿಲೆ ನಾನೇ ಒರಸೀನಿ.