ಎಡಗಡೆಯ ಕನ್ನಡಿ

ಅಯ್ಯೋ, ಅದನ್ನ ಹಾಗೆ ಮಡಚಬೇಡಿ ಅತ್ತೆ! ಸುತ್ತಬೇಕು... ಚಾಪೆ ಸುತ್ತಿದ ಹಾಗೆ. ಬಟ್ಟೆಯೆಲ್ಲ ಸುತ್ತಿ ಸುತ್ತಿ ತುರುಕಿದ್ರೆ ಜಾಗ ಉಳಿಯುತ್ತಂತೆ. ಒಂದೇ ಚೀಲ ಅಂದಿದ್ದಾರೆ. ಒಂದೇ! ಆರು ವಾರದ ತರಬೇತಿಗೆ! ಲಾರಿ ಕ್ಯಾಬಿನ್ ಒಳಗೆ ಜಾಗ ಎಲ್ಲಿದೆ? ಸೀಟಿನ ಹಿಂದೆ ಮಲಗೋಕೆ ಎರಡು ಹಲಗೆ, ಒಂದರ ಮೇಲೊಂದು. ಕೆಳಗಡೆ ಹಾರ್ನಮ್ಮ, ಮೇಲುಗಡೆ ನಾನು. ಎದ್ದು ಕೂತ್ರೆ ತಲೆ ಸೂರಿಗೆ ಬಡಿಯುತ್ತೆ...

ಯಾಕೆ ನಗ್ತೀರಿ?

ಗೊರಕೇನಾ? ನಾನೆಲ್ಲಿ ಗೊರಕೆ ಹೊಡೀತೀನಿ! ... ಸರಿ ಸರಿ, ಹೊಡೀತೀನಿ. ಒಂಬತ್ತು ವರ್ಷದಿಂದ ಒಂದೇ ಕೋಣೇಲಿ ಮಲಗ್ತಿದ್ದೀರಿ, ನಿಮಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಪಾಪ, ಹಾರ್ನಮ್ಮನ ಹಣೇಲಿ ಬರೆದಿದೆ ಬಿಡಿ.

ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ ಅತ್ತೆ. ಗಂಟಲು ಹಾಗಿದೆ, ಅದಕ್ಕೆ ಹಾರ್ನಮ್ಮ. ಮೂವತ್ತೊಂದು ವರ್ಷದಿಂದ ಲಾರಿ ಓಡಿಸ್ತಿದ್ದಾಳಂತೆ. ನಮ್ಮ ಡ್ರೈವಿಂಗ್ ಶಾಲೆಗೆ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ಲು. ಗೇರು, ಬ್ರೇಕು ಒಂದೂ ಕೇಳಲಿಲ್ಲ. ನನ್ನ ಮುಂದೆ ಬಂದು, "ಒಬ್ಬಳೇ ಇರೋಕೆ ಬರುತ್ತಾ ನಿನಗೆ? ಲಾರಿ ನಾನು ಕಲಿಸ್ತೀನಿ. ಅದನ್ನ ಕಲಿಸೋಕಾಗಲ್ಲ" ಅಂದ್ಲು. ನಾನಂದೆ, ಅಮ್ಮಾ, ಅದರಲ್ಲಿ ನಾನು ಫಸ್ಟ್ ಕ್ಲಾಸಲ್ಲಿ ಪಾಸಾಗಿದ್ದೀನಿ...

ಯಾಕೆ ಮುಖ ಹಾಗೆ ಮಾಡಿದ್ರಿ? ನೀವಿಲ್ಲ ಅಂದ್ನಾ? ಇದ್ದೀರಿ, ಇದ್ದೀರಿ. ಮನೇಲಿ ಇಬ್ಬರಿದ್ದೀವಿ. ಆದ್ರೆ ಹೇಗಿದ್ದೀವಿ ಹೇಳಿ... ಸಂಜೆ ಆದ್ರೆ ನೀವು ಆ ಕಿಟಕಿ ಹತ್ರ ನಿಮ್ಮ ಮಗನ ನೆನಪಲ್ಲಿ ಕೂತಿರ್ತೀರಿ. ನಾನು ಅಡುಗೆಮನೆ ಮಣೆ ಮೇಲೆ ಅವರ ನೆನಪಲ್ಲೇ ಕೂತಿರ್ತೀನಿ. ಮಧ್ಯ ಒಂದು ಗೋಡೆ. ಊಟಕ್ಕೆ ಬನ್ನಿ, ಮಾತ್ರೆ ಆಯ್ತಾ, ದೀಪ ಆರಿಸ್ಲಾ... ಅಷ್ಟೇ ತಾನೆ ನಮ್ಮ ಮಾತು?

ಬಿಡಿ. ಹೊರಡೋ ಹೊತ್ತಲ್ಲಿ ಇದೆಲ್ಲ ಯಾಕೆ.

ಆ ಕೈಗವಸು ಇತ್ತ ಕೊಡಿ. ಸರಕಿನ ಹಗ್ಗ ಬಿಗಿಯೋವಾಗ ಅಂಗೈ ಕಿತ್ತು ಬರುತ್ತಂತೆ. ಟಾರ್ಚು, ಆಯ್ತು. ಹೊಳೆಯೋ ಜಾಕೀಟು, ಆಯ್ತು. ಸ್ನಾನದ ಮನೆಗೆ ರಬ್ಬರ್ ಚಪ್ಪಲಿ... ದಾರೀಲಿ ಸಾವಿರ ಜನ ಸ್ನಾನ ಮಾಡೋ ಜಾಗ, ಬರಿಗಾಲಲ್ಲಿ ಇಳೀಬೇಡ ಅಂದಿದ್ದಾಳೆ. ಈ ಬೂಟು ನೋಡಿ! ಹಾಕ್ಕೊಂಡ್ರೆ ಆನೆ ನಡೆದ ಹಾಗಿರುತ್ತೆ. ಹದಿನಾಲ್ಕು ವರ್ಷ ಕಾಲುಚೀಲದ ಕಾರ್ಖಾನೇಲಿ ಕೂತು ಬೇರೆಯವರ ಕಾಲಿಗೆ ಜೋಡಿ ಹುಡುಕಿದೆ. ಈ ಅಳತೆಗೆ ಆ ಅಳತೆ, ಈ ಬಣ್ಣಕ್ಕೆ ಆ ಬಣ್ಣ... ಒಂದು ದಿನ ಬಾಗಿಲಿಗೆ ಬೀಗ. ಆವಾಗಿಂದ ಕೈಗಳೇ ಖಾಲಿ ಖಾಲಿ. ಮನೇಲಿ ಕೂತಿರೋಕೆ ಆಗ್ಲಿಲ್ಲ ಅತ್ತೆ.

ಲಾರಿ ಅಂದಾಗ ಎರಡು ದಿನ ನೀವು ಊಟ ಬಿಟ್ರಿ. ಮರೆತಿಲ್ಲ ನಾನು. ನಿಮ್ಮ ಮಗಳಂತೂ ಫೋನಲ್ಲಿ ಕೂಗಾಡಿದ್ಲು. "ನಮ್ಮಣ್ಣನ್ನ ತಿಂದಿದ್ದೇ ಲಾರಿ, ಅತ್ತಿಗೆಗೆ ಅದೇ ಬೇಕಂತಾ? ನಲವತ್ತಮೂರು ವರ್ಷಕ್ಕೆ ಬೇರೆ ಕೆಲಸ ಸಿಗ್ಲಿಲ್ವಾ?" ತಪ್ಪೇನಿಲ್ಲ ಬಿಡಿ, ಯಾರಾದ್ರೂ ಕೇಳೋ ಮಾತೇ. ಮೂರನೇ ದಿನ ನೀವೇ ಬಂದು "ನಿನ್ನಿಷ್ಟ" ಅಂದ್ರಿ. ಯಾಕೆ ಅಂತ ಕೇಳಲಿಲ್ಲ. ಕೇಳ್ತೀರೇನೋ ಅಂತ ಕಾದಿದ್ದೆ...

ಇರಲಿ. ಕನ್ನಡಕ ಹಾಕ್ಕೊಳ್ಳಿ, ಆ ನೀಲಿ ಫೈಲ್ ನೋಡಿಬಿಡಿ ಸ್ವಲ್ಪ. ಲೈಸೆನ್ಸ್, ಡಾಕ್ಟರ್ ಸರ್ಟಿಫಿಕೇಟು, ಕಣ್ಣಿನ ಪರೀಕ್ಷೆ ಚೀಟಿ, ಎರಡು ಫೋಟೋ. ಒಂದು ಇಲ್ದೇ ಹೋದ್ರೂ ಗಾಡಿ ಹತ್ತಿಸಲ್ಲ ಅಂದಿದ್ದಾಳೆ. ನಾನು ಅಷ್ಟರಲ್ಲಿ ಈ ಹಾಸಿಗೆ ಸುತ್ತಿಬಿಡ್ತೀನಿ.

ರಿವರ್ಸ್ ಪರೀಕ್ಷೇಲಿ ಏನಾಯ್ತು ಹೇಳಿದ್ನಾ? ಎರಡು ಸಲ ಡ್ರಮ್ಮಿಗೆ ಗುದ್ದಿದೆ! ಮೊದಲನೇ ಸಲ ಡ್ರಮ್ಮು ಬಿತ್ತು, ಎರಡನೇ ಸಲ ಡ್ರಮ್ಮಿನ ಪಕ್ಕ ನಿಂತಿದ್ದ ಪರೀಕ್ಷಕರೇ ಬಿದ್ರು. ಗುದ್ದಿ ಅಲ್ಲ, ಗಾಬರಿಗೆ. ಎದ್ದು ಪ್ಯಾಂಟು ಕೊಡವಿಕೊಂಡು, "ಮುಂದಿನ ತಿಂಗಳು ಬಾಮ್ಮಾ, ನಾನು ರಜೆ ಹಾಕಿರ್ತೀನಿ" ಅಂದ್ರು. ಮೂರನೇ ಸಲಕ್ಕೆ ನೋಡಿ, ಕೂದಲೆಳೆ ಅಂತರ ಬಿಟ್ಟು ನಿಲ್ಲಿಸಿದೆ. ಇಷ್ಟುದ್ದ ಗಾಡೀನ!

ಲೈಸೆನ್ಸ್ ಇದೆಯಾ? ... ಸರ್ಟಿಫಿಕೇಟು? ... ಫೋಟೋ ಒಳಗಡೆ ಜೇಬಲ್ಲಿರಬೇಕು, ನೋಡಿ...

ಅತ್ತೆ?

ಕಣ್ಣು ಕಾಣ್ತಿಲ್ವಾ? ಲೈಟ್ ಹಾಕ್ಲಾ? ... ಏನದು ಕೈಲಿ?

ಅದು... ಅದು ಆ ಫೈಲಲ್ಲಿತ್ತಾ? ಕೊಡಿ ಇಲ್ಲಿ. ಅದೇನಿಲ್ಲ, ಶಾಲೇಲಿ ಬರೆಸಿದ್ದು. ಅಪಘಾತ ಆದ್ರೆ ವರದಿ ಹೇಗೆ ಬರೀಬೇಕು ಅಂತ ಒಂದು ಮಾದರಿ... ಎಲ್ಲರ ಹತ್ರಾನೂ ಬರೆಸ್ತಾರೆ. ಕೊಡಿ ಅತ್ತೆ.

ಕೊಡಿ ಅಂದ್ನಲ್ಲ.

... ಎಷ್ಟು ಓದಿದ್ರಿ?

ಪೂರ್ತಿನಾ?

ಹಾಗೆ ನೋಡಬೇಡಿ. ಹೇಳ್ತೀನಿ. ಹೇಳ್ತೀನಿ, ಕೂತ್ಕೊಳ್ಳಿ... ಬೇಡ್ವಾ? ಸರಿ, ನಾನು ಕೂರ್ತೀನಿ.

ಅದು ಮಾದರಿ ಅಲ್ಲ. ಆ ಡ್ರೈವರಿಗೆ ಬರೆದಿದ್ದು. ಹೌದು, ಅವನಿಗೇ. ನೀವು ಒಂಬತ್ತು ವರ್ಷದಿಂದ ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಶಾಪ ಹಾಕ್ತೀರಲ್ಲ, ಅವನಿಗೆ.

ಶಾಲೆ ಶುರುವಾದ ಮೊದಲನೇ ದಿನ ಮೇಷ್ಟ್ರು ನನ್ನ ಲಾರಿ ಹತ್ತಿಸಿ ಸೀಟಲ್ಲಿ ಕೂರಿಸಿದ್ರು. "ಎಡಗಡೆ ಕನ್ನಡಿ ನೋಡು, ಯಾರಿದ್ದಾರೆ?" ಯಾರೂ ಇಲ್ಲ ಸಾರ್ ಅಂದೆ. "ಚೆನ್ನಾಗಿ ನೋಡು." ನೋಡಿದೆ. ಬರೀ ರಸ್ತೆ, ಒಂದು ಮರ, ಅಷ್ಟೇ. "ಇಳಿದು ಹೋಗಿ ನೋಡು" ಅಂದ್ರು. ಇಳಿದು ಸುತ್ತಿ ಬಂದೆ... ಎಡಗಡೆ ಮುಂದಿನ ಚಕ್ರದ ಪಕ್ಕದಲ್ಲೇ, ಕನ್ನಡಿಗೆ ಕಾಣದ ಜಾಗದಲ್ಲಿ, ನನ್ನ ಜೊತೆಯವರು ನಾಲ್ಕು ಜನ ನಿಂತಿದ್ರು ಅತ್ತೆ. ಒಂದು ಬೈಕು, ಅದರ ಮೇಲೆ ಇಬ್ಬರು. ನನ್ನ ನೋಡಿ ಕಿಸಿಕಿಸಿ ನಗ್ತಿದ್ರು. ನಾನು ಅಲ್ಲೇ ಪಕ್ಕಕ್ಕೆ ಹೋಗಿ ವಾಂತಿ ಮಾಡ್ಕೊಂಡೆ. ಬೆಳಿಗ್ಗೆ ಏನೂ ತಿಂದಿಲ್ಲ ಅಂತ ಸುಳ್ಳು ಹೇಳಿದೆ.

ಅವನು ನಮ್ಮನ್ನ ನೋಡೇ ಇರಲಿಲ್ಲ. ಕೋರ್ಟಲ್ಲಿ ಅದನ್ನೇ ಹೇಳಿದ, ನಾವ್ಯಾರೂ ನಂಬಲಿಲ್ಲ. ಅಷ್ಟು ದೊಡ್ಡ ಕನ್ನಡಿ ಇಟ್ಕೊಂಡು ಕಾಣಲಿಲ್ಲ ಅಂತಾನಲ್ಲ ಪಾಪಿ, ಅಂತ ನೀವು ಅಲ್ಲೇ ಎದ್ದು ಕೂಗಿದ್ರಿ...

ಆದ್ರೆ ಅದಲ್ಲ ಅತ್ತೆ. ಅದು ಬಿಡಿ, ಕಾಣದೇ ಇದ್ದಿದ್ದು ಅವನ ಪಾಡು. ಇಂಡಿಕೇಟರ್... ಇಂಡಿಕೇಟರ್ ಹಾಕಿದ್ದ ಅವನು.

ಹಾಕಿದ್ದ. ನಾನು ನೋಡಿದೆ. ಹಳದಿ ದೀಪ, ಟಕ್, ಟಕ್, ಟಕ್... ಇಷ್ಟು ಹತ್ತಿರ. ಅವನು ಹಾಕಿರಲಿಲ್ಲ ಅಂತ ಬರೆಸಿದ್ದು ನಾನು.

ಆವತ್ತು ನನಗೆ ಪಾಳಿಗೆ ಹೊತ್ತಾಗಿತ್ತು. ಲಾರಿ ತಿರುವಲ್ಲಿ ನಿಂತಿತ್ತು. ನಿಮ್ಮ ಮಗ ಹಿಂದೆ ಬೈಕ್ ನಿಲ್ಲಿಸಿದ್ರು. ನಾನು ಬೆನ್ನು ತಟ್ಟಿದೆ, ಎಡಗಡೆ ಸಂದಿ ಇದೆಯಲ್ಲ, ನುಗ್ಗಿ ಅಂತ. ಅವರಂದ್ರು, "ಎಡಕ್ಕೆ ಇಂಡಿಕೇಟರ್ ಹಾಕಿದ್ದಾನೆ ಕಣೇ." ನಾನಂದೆ, ಅವನಿನ್ನೂ ನಿಂತೇ ಇದ್ದಾನೆ, ನೀವು ನುಗ್ಗಿ ಅಂದ್ರೆ... ಮತ್ತೆ ಬೆನ್ನು ತಟ್ಟಿದೆ. ಜೋರಾಗಿ.

ಅಷ್ಟೇ. ಅವರ ಕೊನೇ ಮಾತು ಆ ಇಂಡಿಕೇಟರ್ ಮಾತೇ. "ಅಮ್ಮನ ಮಾತ್ರೆ ತಗೊಂಡು ಹೋಗಬೇಕು" ಅಂದ್ರು ಅಂತ ನಿಮಗೆ ಹೇಳಿದ್ನಲ್ಲ... ಅದು ನಾನು ಕಟ್ಟಿದ ಮಾತು. ನೀವು ಕೇಳಿದ್ರಿ, ಪದೇ ಪದೇ ಕೇಳಿದ್ರಿ, ಕೊನೆಗೆ ಏನಂದ, ಏನಂದ ಅಂತ. ನಿಮಗೆ ಏನಾದ್ರೂ ಕೊಡಬೇಕಿತ್ತು ನಾನು.

ಬಯ್ಯಿರಿ. ... ಬಯ್ಯಿರಿ ಅತ್ತೆ, ಆ ಕಾಗದ ಹಾಗೆ ಹಿಡ್ಕೊಂಡು ನಿಂತ್ಕೋಬೇಡಿ.

ಆ ಇಂಡಿಕೇಟರ್ ಸುಳ್ಳು ಬೇಕು ಅಂತ ಹೇಳಿದ್ದಲ್ಲ. ಆಸ್ಪತ್ರೇಲಿ ಪೊಲೀಸಿನವನು ಬಂದು ಕೇಳಿದ, "ಇಂಡಿಕೇಟರ್ ಹಾಕಿದ್ನಾ?" ನಾನು ಇಲ್ಲ ಅಂತ ತಲೆ ಆಡಿಸಿದೆ. ಅಷ್ಟೇ. ಮಾತೂ ಆಡಿಲ್ಲ. ಅದು ಕಾಗದಕ್ಕೆ ಹೋಯ್ತು, ಕಾಗದದಿಂದ ಕೋರ್ಟಿಗೆ ಹೋಯ್ತು. ಕೋರ್ಟಲ್ಲಿ ಅವನು ನನ್ನ ನೋಡಿ ಮೆಲ್ಲಗೆ, "ಹಾಕಿದ್ದೆ ಕಣಮ್ಮಾ" ಅಂದ. ಜಗಳ ಆಡೋ ಥರ ಅಲ್ಲ. ನನಗೆ ಮರೆತುಹೋಗಿದೆ, ನೆನಪು ಮಾಡ್ತಿದ್ದಾನೆ ಅನ್ನೋ ಥರ. ಆಗಲೇ ಹೇಳಬಹುದಿತ್ತು. ನೀವು ಪಕ್ಕದಲ್ಲಿ ನನ್ನ ಕೈ ಹಿಡ್ಕೊಂಡು ಕೂತಿದ್ರಿ. ನಿಜ ಹೇಳಿದ್ರೆ ಆ ಕೈ ಬಿಟ್ಟುಹೋಗುತ್ತೆ. ಆಮೇಲೆ ನನಗೆ ಯಾರಿದ್ರು? ಹೇಳಿ, ಯಾರಿದ್ರು?

ಎರಡು ವರ್ಷ ಒಳಗಿದ್ದ. ಲೈಸೆನ್ಸೂ ಹೋಯ್ತು. ಆಮೇಲೆ ಯಾರೂ ಸ್ಟೀರಿಂಗ್ ಮುಟ್ಟೋಕೆ ಬಿಟ್ಟಿಲ್ಲ. ಈಗ ಮಗಳ ಮನೇಲಿದ್ದಾನಂತೆ. ಶಾಲೆಯ ಹಳಬರು ಊರು ಹೇಳಿದ್ರು. ಎರಡು ದಿನದ ದಾರಿ. ತರಬೇತಿಗೆ ಮೂರು ದಾರಿ ಇತ್ತು, ಯಾವುದು ಬೇಕು ಅಂತ ಹಾರ್ನಮ್ಮ ಕೇಳಿದ್ಲು. ಅವನೂರಿನ ಮೇಲೆ ಹೋಗೋದನ್ನ ಆರಿಸ್ಕೊಂಡೆ. ಅವನ ಮನೆ ಬಾಗಿಲಿಗೆ ಹೋಗ್ತೀನಿ. ಎದುರಿಗೆ ನಿಂತಾಗ ಅರ್ಧ ಬಿಟ್ಟುಬಿಡಬಾರದು ಅಂತ ಬರೆದಿಟ್ಕೊಂಡೆ. ಕೋರ್ಟಿಗೆ ಬಂದು ಹೇಳು ಅಂತಾನೋ, ಹೇಳ್ತೀನಿ. ನನ್ನ ಒಳಗೆ ಹಾಕ್ತಾರೋ, ಹಾಕಲಿ. ವಾಪಸ್ ಬಂದ ಮೇಲೆ ನಿಮಗೆ ಹೇಳೋಣ ಅಂತಿದ್ದೆ. ನಿಜವಾಗ್ಲೂ. ... ಗೊತ್ತಿಲ್ಲ. ಹೇಳ್ತಿರಲಿಲ್ವೇನೋ.

ಕೇಳಿಸ್ತಾ? ಇಂಜಿನ್ನು. ಬಂದ್ಲು.

ಕಾಗದ ಕೊಡಿ ಅತ್ತೆ. ... ಹರಿದು ಹಾಕ್ತೀರಾ? ಹಾಕಿ. ನನಗೆ ಬಾಯಿಪಾಠ ಆಗಿದೆ ಅದು.

ಕೊಟ್ರಾ... ಹ್ಞೂಂ.

ನಿಮ್ಮ ಮಗಳು ಮಧ್ಯಾಹ್ನ ಕರ್ಕೊಂಡು ಹೋಗೋಕೆ ಬರ್ತಾಳೆ. ಮಾತ್ರೆ ಡಬ್ಬ ಕಿಟಕಿ ಹತ್ರ ಇಟ್ಟಿದ್ದೀನಿ. ಅವಳಿಗೂ ಹೇಳಿ ಬೇಕಿದ್ರೆ. ಎಲ್ಲರಿಗೂ ಹೇಳಿ.

ಹೋಗಿಬರ್ತೀನಿ ಅತ್ತೆ.

ಹೋಗಿಬರ್ತೀನಿ ಅಂದೆ.

"ಹೋಗಿ ಬಾ" ಅನ್ನಬೇಕಲ್ವಾ ನೀವು? ಒಂಬತ್ತು ವರ್ಷ ಒಂದು ದಿನ ತಪ್ಪಿಸಿಲ್ಲ, ಕಾರ್ಖಾನೆಗೆ ಹೊರಟ್ರೂ ಅಂತಿದ್ರಿ, ಅಂಗಡಿಗೆ ಹೊರಟ್ರೂ ಅಂತಿದ್ರಿ... ಪೂರ್ತಿ ಅನ್ನಬೇಡಿ. ಬರೀ "ಹೋಗು" ಅಂದ್ರೂ ಸಾಕು ಅತ್ತೆ. ಹೋಗ್ತೀನಿ. ನೀವು ಕರೆಯೋವರೆಗೂ ನಾನಾಗೇ ವಾಪಸ್ ಬರಲ್ಲ.

ಅದನ್ನಾದ್ರೂ ಅನ್ನಿ.